ಜಾಕ್ ಜಾರಿತೆಂಬ ಮಾತು

ಅಮಸಿದ್ದನ ಬಲಗಾಲು ಹೇಗೆ ಹೋಯಿತೆಂದು ಜೈನಾಪುರದಲ್ಲಿ ಯಾರನ್ನು ಕೇಳಿದರೂ ದೊರೆಯುತ್ತಿದ್ದ ಉತ್ತರ ಒಂದೇ. ಟೈರು ಬದಲಿಸುವಾಗ ಜಾಕ್ ಜಾರಿತು, ಕಾರು ಕಾಲಿನ ಮೇಲೆ ಕುಸಿಯಿತು. ಆಸ್ಪತ್ರೆಯ ಕಾಗದದಲ್ಲಿಯೂ ಹೀಗೆಯೇ ಬರೆದಿತ್ತು. ಅವನ ತಾಯಿ ಸಕ್ರವ್ವ ನೋಡಲು ಬಂದವರಿಗೆಲ್ಲ ಐದು ತಿಂಗಳಿಂದ ಇದನ್ನೇ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಪ್ರತಿಸಲವೂ ಒಮ್ಮೆ ದೇವರ ಜಗಲಿಯ ಮೇಲಿದ್ದ ಭಂಡಾರದ ಬಟ್ಟಲಿನ ಕಡೆ ಅವಳ ದೃಷ್ಟಿ ಹೊರಳುತ್ತಿತ್ತು.

ಅಮಸಿದ್ದ ವಿಜಯಪುರದಲ್ಲಿ ಹಳದಿ ಫಲಕದ ಸಣ್ಣ ಕಾರು ಓಡಿಸುತ್ತಿದ್ದವನು. ಕಾರು ಅವನದೇ. ಮೊಬೈಲಿನ ಆ್ಯಪ್‌ನಲ್ಲಿ ಕರೆ ಬಂದ ಕಡೆಗೆ ಹೋಗಿ, ಜನರನ್ನು ಹತ್ತಿಸಿಕೊಂಡು, ಅವರು ಹೇಳಿದಲ್ಲಿ ಇಳಿಸುವುದು ಅವನ ವೃತ್ತಿ. ರೈಲು ನಿಲ್ದಾಣ, ಗೋಳಗುಮ್ಮಟ, ಆಸ್ಪತ್ರೆಗಳ ಬೀದಿ. ಒಮ್ಮೊಮ್ಮೆ ತಿಕೋಟಾ, ಹೊನವಾಡದವರೆಗೂ ಬಾಡಿಗೆ. ಈಗ ಆ ಕಾರು ಮನೆಯ ಮುಂದಿನ ಬೇವಿನ ಮರದಡಿ ತಾಡಪತ್ರಿ ಹೊದ್ದು ನಿಂತಿತ್ತು. ಅದರ ಕೆಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅಮಸಿದ್ದ ಪೈಜಾಮದ ಬಲಗಡೆಯ ಅರಿವೆಯನ್ನು ಮೊಣಕಾಲಿನ ಕೆಳಗೆ ಮಡಚಿ ಪಿನ್ನು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಬಬಲೇಶ್ವರದ ರಸ್ತೆಯಲ್ಲಿ ಹಾರ್ನ್ ಕೇಳಿದೊಡನೆ ಅವನ ತೊಡೆ ಬಿಗಿಯಾಗುತ್ತಿತ್ತು. ಇಲ್ಲದ ಪಾದ ಬ್ರೇಕನ್ನು ಹುಡುಕುತ್ತಿತ್ತು.

ಶ್ರಾವಣದಲ್ಲಿ ವಿಮಾ ಕಂಪನಿಯಿಂದ ಒಂದು ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಅಮಸಿದ್ದನ ಹೆಂಡತಿ ಭಾಗ್ಯಾ ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಸ್ವಸಹಾಯ ಸಂಘದ ಸಭೆಗೆ ಹೋದಳು. ಅಂದು ಸಂಘಕ್ಕೆ ಬಬಲೇಶ್ವರದ ವಿದ್ಯಾವತಿ ಬರುವವಳಿದ್ದಳು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿಯಾದ ಅವಳು ಹಳ್ಳಿಹಳ್ಳಿ ತಿರುಗಿ, ಜನರಿಗೆ ಕಾನೂನಿನಲ್ಲಿ ಏನೇನು ದೊರೆಯುತ್ತದೆಂಬುದನ್ನು ತಿಳಿಸಿ ಹೇಳುತ್ತಿದ್ದಳು.

ಅಂದಿನ ವಿಷಯ ಅಪಘಾತ ಪರಿಹಾರ. ವಿದ್ಯಾವತಿ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಗುರುಬಾಯಿ ಕೈಯೆತ್ತಿದಳು.

"ಅಕ್ಕಾರ, ನಮ್ಮ ಮನಿಯಾಂವ ವಾರಕ್ಕ ಮೂರು ಸಲ ಕುಡುದು ಗಟಾರದಾಗ ಬೀಳ್ತಾನ. ಅದಕ್ಕೂ ಪರಿಹಾರ ಐತೇನ್ರಿ?"

"ಐತಿ ನೋಡವಾ. ನಿನ್ನ ಕೈಯಾನ ಲಟ್ಟಣಿಗಿ!" ಎಂದಳು ವಿದ್ಯಾವತಿ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹಿಂದಿನ ಗೋಡೆಗೆ ಒರಗಿದ್ದ ಭಾಗ್ಯಾಳ ಮುಖದಲ್ಲಿ ಮಾತ್ರ ನಗೆ ಮೂಡಲಿಲ್ಲ. ವಿದ್ಯಾವತಿ ಅದನ್ನು ಗಮನಿಸಿದಳು. ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಭಾಗ್ಯಾ ಪತ್ರವನ್ನು ತೆಗೆದು ಕೊಟ್ಟಳು. ಅದು ಮೈಯ ಬೆವರಿಗೆ ಮೆತ್ತಗಾಗಿತ್ತು.

"ಇದರಾಗ ಏನ್ ಬರದಾರ ನೋಡ್ರಿ ಅಕ್ಕಾರ. ಕಾರಿನ ಇನ್ಸೂರೆನ್ಸಿನ್ಯಾಗ ಡ್ರೈವರಗೂ ದುಡ್ಡು ಇರತೈತಂತ, ನಾನಽ ಅರ್ಜಿ ಹಾಕಿದ್ದೆ."

ವಿದ್ಯಾವತಿ ಎರಡು ಸಲ ಓದಿದಳು. ಅನಂತರ ಧ್ವನಿ ತಗ್ಗಿಸಿ ಕೇಳಿದಳು.

"ಭಾಗ್ಯಾ, ನಿನ್ನ ಗಂಡಗ ಪೆಟ್ಟು ಹ್ಯಾಂಗ ಆತು?"

"ಜಾಕ್ ಜಾರೇತ್ರಿ."

"ಮಾರ್ಚ್ ಹದಿನೈದು, ಸಂಜಿ ನಾಕೂ ಹನ್ನೆರಡಕ್ಕ ಹೊನವಾಡದಿಂದ ಒಂದು ಕರೆ ಬಂದದ. ನಿನ್ನ ಗಂಡ ಒಪ್ಪಿಕೊಂಡು ತಿಕೋಟಾದಿಂದ ಹೊಂಟಾನ. ನಾಕೂ ಇಪ್ಪತ್ತೊಂದಕ್ಕೂ ಗಾಡಿ ಓಡಾಕತ್ತದ. ಮರುನಿಮಿಷಕ್ಕ ನಿಂತದ. ಇದೆಲ್ಲಾ ಆ್ಯಪ್ ಕಂಪನಿ ದಾಖಲೆದಾಗ ಅದ ಅಂತ ಬರದಾರ. ಮತ್ತ ಗಾಡಿ ಮುಂದಿನ ಬಲಮಗ್ಗಲ ಪೂರಾ ನುಗ್ಗಾಗೇದ, ಜಾಕ್ ಜಾರಿದ್ರ ಹಿಂಗ ಆಗಂಗಿಲ್ಲ, ನೀವು ಹೇಳಿದ ಕಾರಣ ಹೊಂದವಲ್ದು, ಅದಕ್ಕ ದುಡ್ಡು ಕೊಡಂಗಿಲ್ಲ ಅಂತಾರ. ಓಡೋ ಗಾಡಿಗೆ ಯಾರು ಜಾಕ್ ಹಚ್ಚತಾರ, ಹೇಳು?"

ಭಾಗ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಂದ ಹೊರಟದ್ದು ಎರಡೇ ಮಾತು.

"ದೇವರಾಣಿ ಐತ್ರಿ."

*

ವಿದ್ಯಾವತಿ ಭಾಗ್ಯಾಳೊಡನೆ ಮನೆಗೆ ಬಂದಳು. ಸಕ್ರವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆಯೆತ್ತದೆಯೇ ಮಾತಿಗೆ ತೊಡಗಿದಳು.

"ಬಾರವಾ. ಕಾಯ್ದೆ ಹೇಳಾಕ ಬಂದಿ ಕಾಣತೈತಿ. ನಮ್ಮ ಮನ್ಯಾಗ ಕಾಲು ಹೋಗಿ ಐದು ತಿಂಗಳಾತು, ಈಗ ಕಾಯ್ದೆ ನಡಕೋತ ಬಂತೇನು?"

"ಕಾಯ್ದೆ ನಡಕೋತ ಬರಾಂಗಿಲ್ಲಬೇ ಯಮ್ಮಾ. ನಾವಽ ಅದರ ಕಡೆ ಹೋಗಬೇಕು."

"ಒಂದು ಕಾಲಿಲೆ ಹ್ಯಾಂಗ ಹೋಗ್ತಾನ?"

ಕಟ್ಟೆಯ ಮೇಲಿದ್ದ ಅಮಸಿದ್ದ, "ಯವ್ವಾ, ಕುಂಡ್ರಾಕ ಹೇಳು ಮೊದ್ಲ" ಎಂದ. ಭಾಗ್ಯಾ ಚಾಪೆ ಹಾಸಿದಳು. ವಿದ್ಯಾವತಿ ಪತ್ರದಲ್ಲಿದ್ದುದನ್ನು ಮೊದಲಿನಿಂದ ಓದಿ ಅರ್ಥ ಹೇಳಿದಳು. ಸಕ್ರವ್ವನ ಕೈಯಲ್ಲಿದ್ದ ಮೊರ ನಿಂತಿತು. ಅಮಸಿದ್ದ ತಲೆ ತಗ್ಗಿಸಿದ.

ಕೊನೆಗೆ ನಡೆದುದನ್ನು ಹೇಳಿದವಳು ಸಕ್ರವ್ವನೇ. ಮುಚ್ಚಿಟ್ಟು ಮುಚ್ಚಿಟ್ಟು ಅವಳಿಗೂ ದಣಿವಾಗಿತ್ತು.

ಅಂದು ಹೊನವಾಡದ ರಸ್ತೆಯ ತಿರುವಿನಲ್ಲಿ, ದ್ರಾಕ್ಷಿ ತೋಟದ ಮಗ್ಗುಲಲ್ಲಿ, ಒಣದ್ರಾಕ್ಷಿ ತುಂಬಿದ ಪಿಕಪ್ ಗಾಡಿಯೊಂದು ಎದುರಿನಿಂದ ಬಂದು ಅಮಸಿದ್ದನ ಕಾರಿಗೆ ಬಡಿಯಿತು. ಅದು ತಿಕೋಟಾದ ವ್ಯಾಪಾರಿ ಶಿವಯೋಗೆಪ್ಪನವರ ಗಾಡಿ. ಅದನ್ನು ಓಡಿಸುತ್ತಿದ್ದವನು ಮಲ್ಲಿನಾಥ. ಮಲ್ಲಿನಾಥನೆಂದರೆ ಸಕ್ರವ್ವನ ತಮ್ಮನ ಮಗ. ತಂದೆತಾಯಿಗಳು ತೀರಿಕೊಂಡ ಮೇಲೆ ಮೂರು ವರ್ಷದವನಿದ್ದಾಗಿನಿಂದ ಸಕ್ರವ್ವನೇ ಸಾಕಿ ಬೆಳೆಸಿದ ಕೂಸು. ಅಮಸಿದ್ದನೂ ಅವನೂ ಒಂದೇ ತಾಟಿನಲ್ಲಿ ಉಂಡವರು.

"ನನ್ನ ಒಂದು ಕೂಸು ಹಾಸಿಗಿ ಮ್ಯಾಲಿತ್ತು. ಇನ್ನೊಂದು ಗ್ವಾಡಿಗಿ ಹಣಿ ಜಜ್ಜಿಕೋತ ಅಳಾಕತ್ತಿತ್ತು" ಎಂದಳು ಸಕ್ರವ್ವ. "ಶಿವಯೋಗೆಪ್ಪ ಗೌಡ್ರೂ ದವಾಖಾನಿಗಿ ಬಂದಿದ್ರು. ಕೇಸ್ ಆದ್ರ ಮಲ್ಲ್ಯಾನ್ನ ಜೇಲಿಗಿ ಒಯ್ತಾರ, ಗಾಡಿ ಠಾಣೆದಾಗ ನಿಂದರತೈತಿ, ಸೀಜನ್ ಐತಿ ಅಂದ್ರು. ಡಾಕ್ಟರ್ ಬಂದು ಹ್ಯಾಂಗಾತು ಅಂತ ಕೇಳಿದ್ರು. ನಾನಽ ಹೇಳಿದ್ನಿ, ಜಾಕ್ ಜಾರೇತ್ರಿ ಅಂತ. ಆ ಮ್ಯಾಲ ಸೆರಗಿನಾಗ ಗಂಟು ಹಾಕ್ಕೊಂಡಿದ್ದ ಭಂಡಾರ ಬಿಚ್ಚಿ ಇಂವನ ಕೈಯಾಗ ಇಟ್ಟು ಆಣಿ ಮಾಡಿಸೀನಿ. ಮಲ್ಲ್ಯಾನ ಹೆಸರು ನಿನ್ನ ಬಾಯಾಗ ಬರಬಾರದು ಅಂತ."

ಭಂಡಾರವೆಂದರೆ ಮನೆದೇವರ ಅರಿಸಿನ. ಅದನ್ನು ಮುಟ್ಟಿ ಆಡಿದ ಮಾತನ್ನು ಆ ಮನೆತನದಲ್ಲಿ ಯಾರೂ ಎಂದೂ ಮೀರಿದವರಲ್ಲ. ವಿದ್ಯಾವತಿ ಆ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವಳು ಬೇರೊಂದು ಪ್ರಶ್ನೆ ಕೇಳಿದಳು.

"ಯಮ್ಮಾ, ಆ ದವಾಖಾನಿಯಿಂದ ಎಷ್ಟನೇ ದಿನಕ್ಕ ಮನಿಗೆ ಬಂದ್ರಿ?"

"ನಾಕನೇ ದಿನಕ್ಕ. ಇನ್ನೂ ಇರ್ರಿ ಅಂದ್ರು. ಇರಾಕ ನಮ್ಮ ಕಡೆ ಏನ್ ಉಳದಿತ್ತು? ಕುರಿ ಮಾರಿದ ರೊಕ್ಕ ಮುಗದಿತ್ತು. ಮನ್ಯಾಗ ಗಾಯ ಕೆಟ್ಟು ಕೀವಾತು. ಸರ್ಕಾರಿ ದವಾಖಾನಿಗೆ ಒಯ್ಯೂದ್ರಾಗ ಕಾಲು ಕರ್ರಗ ಆಗಿತ್ತು. ಹನ್ನೊಂದನೇ ದಿನ ತಗದ್ರು."

"ಮೊದಲ್ನೇ ದವಾಖಾನ್ಯಾಗ ಡಾಕ್ಟರ್ ಇನ್ನೊಂದು ಏನರ ಕೇಳಿದ್ರೇನು?"

ಸಕ್ರವ್ವ ನೆನಪು ಮಾಡಿಕೊಂಡಳು. "ಕೇಳಿದ್ರು. ರಸ್ತೇದಾಗ ಗಾಡಿ ಬಡದದ್ದೇನಬೇ ಯಮ್ಮಾ, ಖರೇ ಹೇಳು, ಹಂಗಿದ್ರ ಸರ್ಕಾರದ್ದೊಂದು ಯೋಜನಾ ಐತಿ ಅಂದ್ರು. ನಾ ಇಲ್ರಿ, ಜಾಕ್ ಜಾರೇತ್ರಿ ಅಂದ್ನಿ. ಎರಡು ಸಲ ಕೇಳಿದ್ರು. ಎರಡೂ ಸಲ ಹಂಗಽ ಅಂದ್ನಿ."

ವಿದ್ಯಾವತಿ ಪತ್ರವನ್ನು ಮಡಚಿಟ್ಟಳು. ಮುಂದಿನ ಮಾತನ್ನು ಆಡಲೇಬೇಕಾಗಿತ್ತು.

"ರಸ್ತೆ ಅಪಘಾತಾದವರಿಗೆ ಮೊದಲಿನ ಏಳು ದಿನ, ಒಂದೂವರೆ ಲಕ್ಷದ ತನಕ, ರೊಕ್ಕ ಕಟ್ಟದ ಉಪಚಾರ ಮಾಡೋ ಯೋಜನೆ ಅದ. ಆ ಯೋಜನೆಗೆ ಸೇರಿದ ದವಾಖಾನಿಗೆ ಇಪ್ಪತ್ನಾಲ್ಕು ತಾಸಿನೊಳಗ ಒಯ್ಯಬೇಕು. ಪೊಲೀಸ್ರು ಇದು ರಸ್ತೆ ಅಪಘಾತ ಹೌದು ಅಂತ ಹೇಳಬೇಕು. ಡಾಕ್ಟರ್ ಕೇಳಿದ್ದು ಅದನ್ನ."

"ಅಂದ್ರ," ಎಂದಳು ಸಕ್ರವ್ವ. ಅವಳ ಧ್ವನಿ ಬದಲಾಗಿತ್ತು. "ಅಂದ್ರ ಇನ್ನೂ ಮೂರು ದಿನ ಇಟ್ಕೋತಿದ್ರು."

"ಇಟ್ಕೋತಿದ್ರು."

"ಕಾಲು ಉಳೀತಿತ್ತು?"

"ಅದನ್ನ ನಾ ಹೇಳಾಕ ಬರಾಂಗಿಲ್ಲ, ಯಮ್ಮಾ. ಡಾಕ್ಟರೂ ಹೇಳಾಂಗಿಲ್ಲ. ಆ ಮೂರು ದಿನ ಉಪಚಾರ ಸಿಗತಿತ್ತು. ಅಷ್ಟು ಮಾತ್ರ ಖರೇ."

ಸಕ್ರವ್ವನ ತೊಡೆಯ ಮೇಲಿಂದ ಮೊರ ಜಾರಿ ತೊಗರಿ ಅಂಗಳದ ತುಂಬ ಚೆಲ್ಲಿತು. ಆಯಲು ಯಾರೂ ಏಳಲಿಲ್ಲ. "ನನ್ನ ಬಾಯಿಲೆ ಕಳಕೊಂಡ್ನೆಲ್ಲೋ, ಯಪ್ಪಾ" ಎಂದು ಅವಳು ಮಗನ ಉಳಿದ ಪಾದವನ್ನು ಹಿಡಿದುಕೊಂಡಳು. ಅಮಸಿದ್ದ ಅವಳ ಕೈಯನ್ನು ಬಿಡಿಸಿದ. "ಬಿಡು ಯವ್ವಾ. ಬೇಕಂತ ಮಾಡಿದ್ದಲ್ಲ" ಎಂದ.

*

ಸಮಾಧಾನವಾದ ಮೇಲೆ ವಿದ್ಯಾವತಿ ಉಳಿದುದನ್ನು ಒಂದೊಂದಾಗಿ ತಿಳಿಸಿದಳು. ಆಸೆ ತೋರಿಸಿ ನೋಯಿಸುವುದು ಅವಳಿಗೆ ಬೇಕಾಗಿರಲಿಲ್ಲ. ಆದುದರಿಂದ ಮುಚ್ಚಿಹೋದ ಬಾಗಿಲುಗಳನ್ನು ಮೊದಲು ಹೇಳಿದಳು.

"ಅಮಸಿದ್ದ, ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯೊಳಗ ಹೆಸರು ಬರಸಿದ್ದೇನು? ಆ್ಯಪ್‌ನ್ಯಾಗ ದುಡಿಯವರ ನೋಂದಣಿ ಅದಲ್ಲ, ಅದನ್ನರ ಮಾಡಿಸಿದ್ದೇನು?"

"ಇಲ್ರಿ. ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರ್ ಗೈಬುಸಾಬ ಹೇಳಿದ್ದ. ಒಂದು ದಿನದ ಬಾಡಿಗಿ ಹೋಗತೈತಿ ಅಂತ ಹೋಗಲಿಲ್ಲ."

"ಅಪಘಾತಕ್ಕಿಂತ ಮೊದಲಽ ಹೆಸರು ಇರಬೇಕು. ಆ ಬಾಗಿಲಾ ಹೋತು ಅಂತ ತಿಳಕೋ. ಆದ್ರೂ ಕಾರ್ಮಿಕ ಇಲಾಖೆದಾಗ ಒಂದು ಮಾತು ಕೇಳೂಣು. ಆ್ಯಪ್ ಕಂಪನಿಗೆ ಯಾವಾಗ ತಿಳಿಸಿದಿ?"

"ತಿಳಿಸಿಲ್ರಿ. ಕರೆ ರದ್ದಾತು ಅಂತ ಅವರಽ ದಂಡ ಹಾಕಿದ್ರು."

ಕರೆ ಒಪ್ಪಿಕೊಂಡ ಗಳಿಗೆಯಿಂದ ಪ್ರಯಾಣಿಕರನ್ನು ಇಳಿಸುವವರೆಗೆ ಚಾಲಕನಿಗೆ ಅಪಘಾತ ವಿಮೆ ಮಾಡಿಸಿರುವ ಕಂಪನಿಗಳುಂಟು. ಆದರೆ ಗೊತ್ತುಪಡಿಸಿದ ದಿನಗಳೊಳಗೆ ತಿಳಿಸಬೇಕೆಂಬ ಷರತ್ತೂ ಉಂಟು. ಅದನ್ನೂ ಬರೆದು ಕೇಳಬೇಕು, ಒಪ್ಪುವರೋ ಬಿಡುವರೋ ತಿಳಿಯದೆಂದು ವಿದ್ಯಾವತಿ ಹೇಳಿದಳು. ಇನ್ನು ಅಮಸಿದ್ದನ ಸ್ವಂತ ಕಾರಿನ ವಿಮೆ. ಮಾಲೀಕನೇ ಚಾಲಕನಾಗಿದ್ದು, ಆ ಭಾಗಕ್ಕೆ ಹಣ ಕಟ್ಟಿದ್ದರೆ, ಹದಿನೈದು ಲಕ್ಷದ ಅಪಘಾತ ವಿಮೆಯಿರುತ್ತದೆ. ಒಂದು ಕಾಲು ಹೋದವನಿಗೆ ಅದರಲ್ಲಿ ಅರ್ಧ. ಪತ್ರ ಬಂದದ್ದು ಇದರ ಬಗೆಗೇ. ಸತ್ಯವನ್ನು ಬರೆದುಕೊಟ್ಟು ಮತ್ತೆ ಕೇಳಬಹುದು. ಒಪ್ಪದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು.

"ಇನ್ನ ದೊಡ್ಡ ಬಾಗಿಲಾ ಅಂದ್ರ ವಿಜಯಪುರದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಬಡದ ಗಾಡಿಯ ಮಾಲೀಕರ ಮ್ಯಾಲ, ಅದರ ವಿಮಾ ಕಂಪನಿ ಮ್ಯಾಲ ಅಲ್ಲಿ ಅರ್ಜಿ ಹಾಕಬೇಕು. ಹೋದ ಕಾಲಿಗೆ, ದುಡೀಲಾರದ ದಿನಕ್ಕ, ಮುಂದಿನ ದುಡಿಮಿಗೆ, ಕೃತಕ ಕಾಲಿಗೆ, ಎಲ್ಲಾ ಲೆಕ್ಕ ಹಿಡಿತಾರ. ಆರು ತಿಂಗಳೊಳಗ ಹಾಕಬೇಕು ಅಂತ ಕಾಯ್ದೆ ಹೇಳ್ತದ. ಇನ್ನ ಹತ್ತೊಂಬತ್ತು ದಿನ ಅದ."

"ಮಾಲೀಕರ ಮ್ಯಾಲ ಹಾಕಿದ್ರ ಮಲ್ಲ್ಯಾನ ಹೆಸರು ಬರತೈತಿ" ಎಂದ ಅಮಸಿದ್ದ.

"ಬರ್ತದ. ಠಾಣೆದಾಗ ಪ್ರಕರಣ ದಾಖಲಾಗಬೇಕು. ನಾ ಏನೂ ಮುಚ್ಚಿಡಾಂಗಿಲ್ಲ. ಮಲ್ಲಿನಾಥನ ಮ್ಯಾಲ ಕೇಸ್ ಆಗ್ತದ. ಅದು ಜಾಮೀನು ಸಿಗೋವಂಥ ಕೇಸು. ಮುಂದ ದಂಡವೋ ಶಿಕ್ಷೆಯೋ ಕೋರ್ಟ್ ನೋಡ್ತದ. ಆದ್ರ ಪರಿಹಾರದ ದುಡ್ಡು ಅವನ ಕಿಸೆದಿಂದ ಬರೂದಲ್ಲ. ಅವನ ಲೈಸೆನ್ಸು ಸರಿ ಇತ್ತು, ಗಾಡಿ ವಿಮೆ ನಡೀತಿತ್ತು ಅಂದ್ರ, ಅದನ್ನ ವಿಮಾ ಕಂಪನಿ ಕೊಡ್ತದ. ವಿಮಾ ಮಾಡಸೂದಽ ಅದಕ್ಕ."

ಸಕ್ರವ್ವ ಕಣ್ಣೊರೆಸಿಕೊಂಡು ಜಗಲಿಯತ್ತ ನೋಡಿದಳು.

"ನಿನ್ನ ಮಾತು ತಿಳೀತವಾ. ಖರೇನೂ ಐತಿ. ಆದ್ರ ಭಂಡಾರ ಮುಟ್ಟಿಸಿದಾಕಿ ನಾನು. ಮುರಿ ಅಂತ ನಾನಽ ಹ್ಯಾಂಗ ಹೇಳ್ಲಿ? ಕಾಲು ಹೋತು. ದೇವ್ರನ್ನೂ ಕಳಕೊಳ್ಳೂಣೇನು?"

"ಮುರಿ ಅಂತ ನಾನೂ ಹೇಳಾಂಗಿಲ್ಲ, ಯಮ್ಮಾ" ಎಂದಳು ವಿದ್ಯಾವತಿ. ತನ್ನ ಫೋನ್ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದು, ಸೆಪ್ಟೆಂಬರ್ ಹದಿನೈದರ ಸುತ್ತ ಒಂದು ಗೆರೆ ಎಳೆದು ಹೋದಳು.

*

ದಿನಗಳು ಕಳೆದವು. ವಿದ್ಯಾವತಿ ನಡುವೆ ಎರಡು ಸಲ ಬಂದಳು. ಎರಡೂ ಸಲ ಚಹಾ ಕುಡಿದು ಹೋದಳು. ಸಕ್ರವ್ವನ ಬಾಯಿ ಬಿದ್ದುಹೋಗಿತ್ತು. ಸೊಸೆಯ ಮೇಲೆ ರೇಗುತ್ತಿರಲಿಲ್ಲ, ಕೋಳಿಗಳನ್ನೂ ಬೈಯುತ್ತಿರಲಿಲ್ಲ. ಜಗಲಿಯ ಮುಂದೆ ಕೈಮುಗಿದು ನಿಂತರೆ ದೀಪದ ಎಣ್ಣೆ ತೀರುವವರೆಗೆ ನಿಂತಿರುತ್ತಿದ್ದಳು. ದೇವರು ಏನನ್ನೂ ಹೇಳಲಿಲ್ಲ. ಕ್ಯಾಲೆಂಡರಿನ ಗೆರೆ ದಿನದಿನಕ್ಕೆ ಸಮೀಪಿಸಿತು.

ಶ್ರಾವಣದ ಅಮಾವಾಸ್ಯೆಯ ಮುಂಜಾನೆ ಮಲ್ಲಿನಾಥ ಬಂದ. ಪ್ರತಿ ಅಮಾವಾಸ್ಯೆಗೂ ಬರುತ್ತಿದ್ದ. ಅಪಘಾತವಾದಂದಿನಿಂದ ಅವನು ಗಾಡಿ ಮುಟ್ಟಿರಲಿಲ್ಲ. ಶಿವಯೋಗೆಪ್ಪನವರ ಒಣದ್ರಾಕ್ಷಿ ಶೆಡ್ಡಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಬಂದಾಗಲೆಲ್ಲ ಒಂದು ಪೊಟ್ಟಣ ಒಣದ್ರಾಕ್ಷಿ ತಂದು ಹೊಸ್ತಿಲ ಮೇಲಿಟ್ಟು, ಹೊರಗೇ ಕುಕ್ಕರುಗಾಲಿನಲ್ಲಿ ಕುಳಿತು, ಎದ್ದು ಹೋಗುತ್ತಿದ್ದ. ಒಳಗೆ ಕಾಲಿಟ್ಟಿರಲಿಲ್ಲ. ಆ ಪೊಟ್ಟಣಗಳನ್ನು ಮನೆಯಲ್ಲಿ ಯಾರೂ ಬಿಚ್ಚಿರಲಿಲ್ಲ. ಗೋಡೆಯ ಮಾಡದಲ್ಲಿ ಆರು ಪೊಟ್ಟಣ ಸಾಲಾಗಿದ್ದವು. ಇರುವೆ ಹಿಡಿದಿದ್ದವು.

ಅಂದು ಸಕ್ರವ್ವ ಏಳನೆಯ ಪೊಟ್ಟಣವನ್ನು ಕೈಗೆತ್ತಿಕೊಂಡು ಅವನ ಎದುರಿಗೆ ಹೊಸ್ತಿಲ ಮೇಲೆಯೇ ಕುಳಿತಳು. ಏಳು ದಿನಗಳ ಉಪಚಾರದ ಮಾತನ್ನು ಹೇಳಿದಳು. ಡಾಕ್ಟರು ಎರಡು ಸಲ ಕೇಳಿದ್ದನ್ನು ಹೇಳಿದಳು. ನ್ಯಾಯಮಂಡಳಿ, ಗಡುವು, ಆಣೆ, ಎಲ್ಲವನ್ನೂ ಹೇಳಿದಳು. ಮಲ್ಲಿನಾಥ ನೆಲ ನೋಡುತ್ತ ಕೇಳಿದ.

"ಎಷ್ಟು ದಿನ ಉಳದಾವ ಅತ್ತಿ?"

"ನಾಕು."

"ಮೊದಲಽ ಯಾಕ ಹೇಳಲಿಲ್ಲ ನನಗ?"

"ನಿನ್ನ ಉಳಸಾಕ ಮಾಡಿದ್ದಪಾ ಇದೆಲ್ಲಾ. ನಿನಗ ಹ್ಯಾಂಗ ಹೇಳ್ಲಿ?"

"ನಾ ಏನ್ ಉಳದೀನಿ?" ಎಂದ ಮಲ್ಲಿನಾಥ. "ಹಾರ್ನ್ ಕೇಳಿದ್ರ ಉಚ್ಚಿ ಬರತೈತಿ ನನಗ. ಉಣ್ಣಾಕ ಕುಂತ್ರ ಇಂವನ ಕಾಲು ಕಾಣತೈತಿ." ಅವನು ತಲೆಯೆತ್ತಿದ. "ಅತ್ತಿ, ಆಣಿ ಮಾಡಿದಾಂವ ಅಮಸ್ಯಾ. ನಾ ಮಾಡಿಲ್ಲಲ್ಲ?"

ಸಕ್ರವ್ವ ಅವನನ್ನೇ ನೋಡಿದಳು.

"ಅವನ ಬಾಯಾಗ ನನ್ನ ಹೆಸರು ಬರೂದು ಬ್ಯಾಡ. ನನ್ನ ಬಾಯಿಗಿ ಯಾರ ಆಣಿ ಐತಿ?"

ಒಳಗಿನಿಂದ ಅಮಸಿದ್ದ ಕೂಗಿದ. "ಲೇ ಮಲ್ಲ್ಯಾ, ಸುಮ್ಮ ಕುಂಡ್ರಲೇ! ಹೋದದ್ದು ಹೋತು. ನೀನೂ ಯಾಕ ಹಾಳಾಗ್ತಿ?"

"ನೀ ಸುಮ್ಮಿರಲೇ ಕುಂಟಾ" ಎಂದ ಮಲ್ಲಿನಾಥ. ಹುಡುಗತನದಿಂದಲೂ ಅವರು ಹೀಗೆಯೇ ಬೈದಾಡುತ್ತಿದ್ದವರು. ಬಾಯಿಂದ ಹೊರಬಿದ್ದ ಮೇಲೆ ಆ ಮಾತಿನ ಅರ್ಥ ಅವನಿಗೆ ತಟ್ಟಿತು. ಇಬ್ಬರೂ ಅತ್ತರು. ಭಾಗ್ಯಾ ಕ್ಯಾಲೆಂಡರಿನ ಅಂಚಿನಲ್ಲಿದ್ದ ನಂಬರಿಗೆ ಫೋನು ಮಾಡಿದಳು.

*

ವಿದ್ಯಾವತಿ ಸಕ್ರವ್ವ, ಅಮಸಿದ್ದ, ಮಲ್ಲಿನಾಥರನ್ನು ಕರೆದುಕೊಂಡು ತಿಕೋಟಾದಲ್ಲಿ ಮೊದಲು ಶಿವಯೋಗೆಪ್ಪನವರ ಅಂಗಡಿಗೆ ಹೋದಳು. ಮಲ್ಲಿನಾಥ ನಿಂತುಕೊಂಡೇ ವಿಷಯ ಹೇಳಿದ. ಶಿವಯೋಗೆಪ್ಪ ಅಮಸಿದ್ದನ ಊರುಗೋಲನ್ನು ನೋಡಿದರು, ಮತ್ತೆ ನೋಡಲಿಲ್ಲ.

"ಆಗ ಗಾಡಿ ಇನ್ಸೂರೆನ್ಸ್ ಇತ್ತೇನ್ರಿ?" ಎಂದು ವಿದ್ಯಾವತಿ ಕೇಳಿದಳು.

"ಇತ್ತವಾ. ವರ್ಷಾ ತಪ್ಪದ ಕಟ್ಟತೀನಿ. ಪೊಲೀಸ್ರು ಹಿಡದಾಗ ತೋರ್ಸಾಕ ಬೇಕಲ್ಲ." ಅವರು ಕಪಾಟಿನಿಂದ ಕಾಗದ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಅದು ಇದಕ್ಕಽ ಅಂತ ನನಗ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸೀಜನ್ ಒಂದಽ ಕಂಡಿತ್ತು ಕಣ್ಣಿಗೆ."

ಮಲ್ಲಿನಾಥನ ಲೈಸೆನ್ಸ್ ಚಾಲ್ತಿಯಲ್ಲಿತ್ತು. ಗಾಡಿಯ ವಿಮೆಯೂ ಚಾಲ್ತಿಯಲ್ಲಿತ್ತು. ಅಂದೇ ನಿಜ ಹೇಳಿದ್ದರೆ ಅಷ್ಟೊಂದು ಭಯಕ್ಕೆ ಕಾರಣವಿರಲಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಒಟ್ಟಿಗೆ ತಿಳಿಯಿತು.

ಠಾಣೆಯಲ್ಲಿ ವಿದ್ಯಾವತಿ ಬರೆದುಕೊಟ್ಟ ದೂರಿನಲ್ಲಿ ತಡವಾದ ಕಾರಣವೂ ಇತ್ತು, ಸುಳ್ಳು ಹೇಳಿದ್ದೂ ಇತ್ತು, ಗಾಡಿ ಓಡಿಸಿದವನ ಹೆಸರು ಮಾತ್ರ ಇರಲಿಲ್ಲ. ಅಧಿಕಾರಿ ಓದಿ, ಅಮಸಿದ್ದನ ಕಡೆ ತಿರುಗಿದರು.

"ಆ ಗಾಡಿ ಓಡಸಾಕತ್ತಾಂವ ಯಾರು?"

ಅಮಸಿದ್ದ ಎರಡೂ ಕೈಯಿಂದ ಊರುಗೋಲನ್ನು ಬಿಗಿಯಾಗಿ ಹಿಡಿದ. ತುಟಿ ತೆರೆಯಲಿಲ್ಲ.

"ನಿನ್ನಽ ಕೇಳಾಕತ್ತೀನಿ. ಯಾರು ಓಡಸಾಕತ್ತಿದ್ರು?"

ಸಕ್ರವ್ವ ಕಣ್ಣು ಮುಚ್ಚಿದಳು. ಹಿಂದಿನಿಂದ ಮಲ್ಲಿನಾಥ ಮುಂದೆ ಬಂದು ಮೇಜಿನ ಎದುರು ನಿಂತ.

"ನಾನ್ರೀ ಸಾಹೇಬ್ರ. ಮಲ್ಲಿನಾಥ ಅಂತ ನನ್ನ ಹೆಸರು. ತಿರುವಿನ್ಯಾಗ ನನ್ನ ಗಾಡಿನಽ ಬಲಕ್ಕ ಬಂತು. ತಪ್ಪು ನಂದು."

ಮುಂದಿನದೆಲ್ಲ ನಿಧಾನವಾಗಿ, ಕಷ್ಟದಿಂದ ನಡೆಯಿತು. ಮಲ್ಲಿನಾಥನಿಗೆ ಜಾಮೀನು ಸಿಕ್ಕಿತು. ಅವನ ಮೇಲಿನ ಪ್ರಕರಣ ಇನ್ನೂ ಮುಗಿದಿಲ್ಲ. ಆಸ್ಪತ್ರೆಯವರು ಮೊದಲು ಬರೆದುದನ್ನು ಅಳಿಸಲು ಬರುವುದಿಲ್ಲವೆಂದರು. ಅದು ಅವರ ಧರ್ಮ. ಕಾನೂನು ಸೇವಾ ಪ್ರಾಧಿಕಾರದವರು ಶುಲ್ಕವಿಲ್ಲದೆ ಕೊಟ್ಟ ವಕೀಲರು ಗಡುವಿನ ಕೊನೆಯ ದಿನ ವಿಜಯಪುರದ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಿದರು. ಸಲ್ಲಿಸಿದ ಮೇಲೆ ಅವರು ನಿಜವನ್ನೇ ಹೇಳಿದರು. ಎದುರಿನ ವಿಮಾ ಕಂಪನಿಯು ಆಸ್ಪತ್ರೆಯ ಆ ಒಂದು ಸಾಲನ್ನು ಹಿಡಿದು ವಾದಿಸುತ್ತದೆ, ಆರು ತಿಂಗಳು ಎಲ್ಲಿದ್ದಿರೆಂದು ಕೇಳುತ್ತದೆ. ಆ್ಯಪ್‌ನ ದಾಖಲೆ ಮತ್ತು ಮಲ್ಲಿನಾಥನ ಮಾತು ನಮ್ಮ ಪಾಲಿಗಿವೆ. ಏನಾಗುವುದೆಂದು ಈಗಲೇ ಹೇಳಲಾಗದು.

ಬಬಲೇಶ್ವರದ ಬಸ್ಸಿನಲ್ಲಿ ಮರಳಿ ಬರುವಾಗ ಅಮಸಿದ್ದ ಕಿಟಕಿಯ ಮಗ್ಗುಲಲ್ಲಿ ಕುಳಿತಿದ್ದ. ಎದುರಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆಯಿತು. ಅವನ ತೊಡೆ ಬಿಗಿಯಾಯಿತು. ಪಕ್ಕದಲ್ಲಿದ್ದ ಮಲ್ಲಿನಾಥನ ಮೈಯೂ ನಡುಗಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮನೆಗೆ ಬಂದ ಮೇಲೆ ಮಲ್ಲಿನಾಥ ವಾಡಿಕೆಯಂತೆ ಹೊಸ್ತಿಲಾಚೆ ಕುಕ್ಕರಿಸಿದ. ಸಕ್ರವ್ವ ಜಗಲಿಗೆ ದೀಪ ಹಚ್ಚಿ, ಬಟ್ಟಲಿನಿಂದ ಭಂಡಾರ ತೆಗೆದು ಅವನ ಹಣೆಗೆ ಹಚ್ಚಿದಳು.

"ಒಳಗ ಬಾ. ಉಣ್ಣಾಕ ನೀಡ್ತೀನಿ" ಎಂದಳು.

*

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ತಾಯಂದಿರೇ, ಬಾಡಿಗೆಯ ಗಾಡಿ ಓಡಿಸಿ ಮನೆ ನಡೆಸುವ ಅಣ್ಣತಮ್ಮಂದಿರೇ, ಒಂದು ಬೇಡಿಕೆಯಿದೆ. ನಿಮ್ಮ ಮನೆಯಲ್ಲಿ ಆ್ಯಪ್‌ನ ಕರೆಗೆ ಗಾಡಿ ಓಡಿಸುವವರಿದ್ದರೆ ಈ ವಾರವೇ ಒಂದು ದಿನದ ಬಾಡಿಗೆ ಬಿಟ್ಟು ಕಾರ್ಮಿಕ ಇಲಾಖೆಗೆ ಹೋಗಿ ಹೆಸರು ನೋಂದಾಯಿಸಿರಿ. ಗಾಡಿಯ ವಿಮೆಯ ಕಾಗದ ತೆಗೆದು, ಅದರಲ್ಲಿ ಮಾಲೀಕ-ಚಾಲಕನ ಅಪಘಾತ ವಿಮೆ ಸೇರಿದೆಯೇ ಎಂದು ಬಲ್ಲವರಿಂದ ಓದಿಸಿರಿ. ಅಪಘಾತವಾದರೆ ೧೧೨ಕ್ಕೆ ಕರೆ ಮಾಡಿರಿ, ಕರೆ ಒಪ್ಪಿಕೊಂಡ ಆ್ಯಪ್‌ನ ಪುಟವನ್ನು ಉಳಿಸಿಟ್ಟುಕೊಳ್ಳಿರಿ, ಕಂಪನಿಗೆ ಅಂದೇ ತಿಳಿಸಿರಿ. ಬಡಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ ಕೈಚೆಲ್ಲಬೇಡಿರಿ. ತೀವ್ರ ಗಾಯಕ್ಕೆ ಐವತ್ತು ಸಾವಿರ, ಸಾವಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕಾನೂನಿನಲ್ಲಿದೆ. ಆರು ತಿಂಗಳ ಗಡುವನ್ನು ನೆನಪಿಡಿರಿ. ಅದು ದಾಟಿದ್ದರೂ ಇನ್ನೇನು ಮಾಡಬಹುದೆಂದು ಕೇಳದೆ ಸುಮ್ಮನಾಗಬೇಡಿರಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ೧೫೧೦೦ಕ್ಕೆ ಫೋನು ಮಾಡಿರಿ. ಕಾನೂನು ಸೇವಾ ಪ್ರಾಧಿಕಾರದವರು ದಾರಿ ತೋರಿಸುತ್ತಾರೆ.

ಆಸ್ಪತ್ರೆಯಲ್ಲಿ ವೈದ್ಯರು ಒಂದು ಪ್ರಶ್ನೆ ಕೇಳುತ್ತಾರೆ: ಹೇಗಾಯಿತು? ಗುದ್ದಿದವನು ನಿಮ್ಮವನೇ ಆಗಿರಬಹುದು. ಅವನನ್ನು ಕಾಪಾಡಬೇಕೆಂದು ನಿಮ್ಮ ಕರುಳು ಕೂಗಬಹುದು. ಆ ಗಳಿಗೆಯಲ್ಲಿ ಜೈನಾಪುರದ ಸಕ್ರವ್ವನನ್ನು ನೆನೆಯಿರಿ, ಆದದ್ದನ್ನು ಆದಂತೆಯೇ ಹೇಳಿರಿ. ಅವಳನ್ನು ಎರಡು ಸಲ ಕೇಳಿದ್ದರು.